ಚಳಿಗಾಲದ ಗಾಳಕ್ಕೆ ಎಂತಹ ದಾರ?

ಗಾಳದ ದಾರವನ್ನು ಕೊಳ್ಳಹೋದವನು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಇದು ಎಷ್ಟು ಭಾರವನ್ನು ತಡೆದೀತು?” ಉತ್ತರವು ಸುರುಳಿಯ ಮೇಲಿನ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ. ಹೆಚ್ಚಿನ ಅಂಕಿಯುಳ್ಳ ಸುರುಳಿಯನ್ನು ಆರಿಸಿಕೊಂಡು ಆತನು ತೃಪ್ತನಾಗಿ ಮನೆಗೆ ಹಿಂದಿರುಗುತ್ತಾನೆ. ಪ್ರಶ್ನೆ ತಪ್ಪೇನೂ ಅಲ್ಲ. ಆದರೆ ಅದೊಂದೇ ಸಾಲದು. ಚಳಿಗಾಲದ ಮುಂಜಾನೆ ನೀರಿನ ಅಂಚಿನಲ್ಲಿ ನಿಂತವನಿಗೆ ದಾರವು ಕಡಿಯುವುದಕ್ಕೆ ಬಹಳ ಮುಂಚೆಯೇ ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಅದು ಸುರುಳಿ ಬಿಡುವುದಿಲ್ಲ, ಬಳುಕುವುದಿಲ್ಲ, ಓಡುವುದಿಲ್ಲ. ಈ ತೊಡಕನ್ನು ಕಂಡವರು ಪರದೇಶದ ಕೈಪಿಡಿಗಳನ್ನು ತೆರೆದು, ಹಿಮ ಬೀಳುವ ನಾಡಿನವರು ತಮ್ಮ ಹೊಳೆಗಳಿಗಾಗಿ ಬರೆದುಕೊಂಡ ಸೂತ್ರಗಳನ್ನು ನಮ್ಮ ಕೃಷ್ಣೆ-ಘಟಪ್ರಭೆಗಳಿಗೆ ಹಾಗೆಯೇ ಅನ್ವಯಿಸುತ್ತಾರೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಚಳಿ ಎಂಬ ಶಬ್ದ ಒಂದೇ ಆದರೂ ಅಲ್ಲಿಯ ಚಳಿ ಬೇರೆ, ಬಾಗಲಕೋಟೆಯ ಚಳಿ ಬೇರೆ. ಈ ಎರಡರಲ್ಲಿ ಒಂದೇ ದಾರವು ಎರಡು ಬೇರೆ ವಸ್ತುಗಳಂತೆ ವರ್ತಿಸುತ್ತದೆ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ನಮ್ಮ ಹುಡುಗರು ಹೊಳೆಗೆ ಹಾಕುವ ಗಾಳದಲ್ಲಿ ಎರೆಹುಳುವೋ ಹಿಟ್ಟಿನ ಉಂಡೆಯೋ ಇರುತ್ತದೆ. ಜೊತೆಗೆ ಸೀಸದ ಗುಂಡು. ಎಸೆದಾಗ ಆ ಭಾರವೇ ಮುಂದೆ ಹಾರಿ ದಾರವನ್ನು ಎಳೆದೊಯ್ಯುತ್ತದೆ. ನೊಣಗಾಳವು ಇದಕ್ಕೆ ತಿರುಗುಮುರುಗು. ಗರಿ, ಕೂದಲು, ನೂಲುಗಳನ್ನು ಸುತ್ತಿ ನೊಣದಂತೆ ತೋರುವ ಹಾಗೆ ಮಾಡಿದ ಅದರ ಕೊಕ್ಕೆಗೆ ಹೇಳಿಕೊಳ್ಳುವಂತಹ ತೂಕವೇ ಇಲ್ಲ. ಆದುದರಿಂದ ಅಲ್ಲಿ ಎಸೆಯಬೇಕಾದುದು ದಾರವನ್ನೇ. ಮುಂದುಗಡೆ ಸುಮಾರು ೧೦ ಮೀಟರು ಉದ್ದದ, ದಪ್ಪನಾದ, ತೂಕವುಳ್ಳ ತುಂಡೊಂದಿರುತ್ತದೆ, ಇದನ್ನು ತಲೆದಾರವೆನ್ನೋಣ. ಅದರ ಹಿಂದೆ ತೆಳ್ಳಗಿನ ಉದ್ದನೆಯ ಓಡುದಾರ. ಕೋಲಿನ ಬೀಸಿನಿಂದ ತಲೆದಾರಕ್ಕೆ ಸಂವೇಗ ಬರುತ್ತದೆ. ಅದು ಹಾರುತ್ತ ಓಡುದಾರವನ್ನು ಕೋಲಿನ ಉಂಗುರಗಳ ಮೂಲಕ ಸೆಳೆದುಕೊಂಡು ಹೋಗುತ್ತದೆ. ಎರಡನ್ನೂ ಕೂಡಿಸುವುದು ಕುಣಿಕೆಗೆ ಕುಣಿಕೆ ಸಿಕ್ಕಿಸಿ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಕುಣಿಕೆಗಳ ಸಾಲಿನಿಂದ ಜೋಡಿಸುವುದನ್ನು ಕಂಡವರಿಗೆ ಇದು ಹೊಸದೆನಿಸದು.

ನಮ್ಮಲ್ಲಿ ನೊಣಗಾಳ ಹಾಕುವವರು ಅಪರೂಪ, ನಿಜ. ಭಾರತದಲ್ಲಿ ಅದು ಹೆಚ್ಚಾಗಿ ಬೆಳೆದದ್ದು ಕಾಶ್ಮೀರ, ಕುಲೂ ಕಣಿವೆಗಳ ಟ್ರೌಟ್ ಹೊಳೆಗಳಲ್ಲಿ. ಆದರೆ ಗಾಳದ ವಿನೋದವೇ ಪರದೇಶದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಬಾದಾಮಿಯ ಚಾಲುಕ್ಯರು ಅಳಿದು ಮೂರೂವರೆ ಶತಮಾನಗಳು ಕಳೆದ ಮೇಲೆ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಪ್ರಕರಣವೇ ಇದೆ. ಮೀನುಗಳ ಬಗೆಗಳನ್ನೂ ಅವುಗಳಿಗೆ ಒಡ್ಡಬೇಕಾದ ಆಹಾರವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಇದನ್ನು ವಿದ್ವಾಂಸರ ಗಮನಕ್ಕೆ ತಂದರು.

ಇನ್ನು ದಾರದ ವಿಚಾರ. ಒಂದೇ ಪದಾರ್ಥದ ಎರಡು ದಾರಗಳಲ್ಲಿ ಒಂದರ ವ್ಯಾಸ ಇನ್ನೊಂದರ ಎರಡರಷ್ಟಿದೆಯೆಂದು ಇಟ್ಟುಕೊಳ್ಳಿ. ಭಾರವನ್ನು ತಡೆಯುವುದು ಅಡ್ಡಕೊಯ್ತದ ವಿಸ್ತೀರ್ಣ. ಅದು ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಆದುದರಿಂದ ದಪ್ಪ ದಾರವು ೪ ಪಟ್ಟು ಭಾರವನ್ನು ತಡೆಯುತ್ತದೆ. ಆದರೆ ಬಾಗಿಸುವಾಗ ಅದು ಒಡ್ಡುವ ವಿರೋಧ, ಅಂದರೆ ಅದರ ಪೆಡಸುತನ, ವ್ಯಾಸದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ: ೧೬ ಪಟ್ಟು! ಅಷ್ಟು ದೂರದ ಉದಾಹರಣೆಯೇಕೆ, ೦.೪ ಮಿಲಿಮೀಟರಿನಿಂದ ೦.೫ ಮಿಲಿಮೀಟರಿಗೆ ಏರಿದರೂ ಬಲವು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದರೆ ಪೆಡಸುತನ ಸುಮಾರು ಎರಡೂವರೆ ಪಟ್ಟಾಗುತ್ತದೆ. ಚೀಟಿಯ ಮೇಲೆ ಅಚ್ಚಾಗುವುದು ಮೊದಲನೆಯ ಅಂಕಿ ಮಾತ್ರ. ಎರಡನೆಯದಕ್ಕೆ ಕೊಳ್ಳುವವನು ತನಗರಿವಿಲ್ಲದೆಯೇ ಬೆಲೆ ತೆರುತ್ತಾನೆ.

ಸುರುಳಿಯ ಮಾತೂ ಇದಕ್ಕೆ ಸೇರಿದ್ದೇ. ೦.೫ ಮಿಲಿಮೀಟರಿನ ದಾರವನ್ನು ೫ ಸೆಂಟಿಮೀಟರು ವ್ಯಾಸದ ರಾಟೆಗೆ ಸುತ್ತಿದರೆ ಅದರ ಹೊರಮೈ ಶೇಕಡಾ ೧ರಷ್ಟು ಹಿಗ್ಗಬೇಕು, ಒಳಮೈ ಅಷ್ಟೇ ಕುಗ್ಗಬೇಕು. ೧೦ ಸೆಂಟಿಮೀಟರು ವ್ಯಾಸದ ರಾಟೆಯಾದರೆ ಈ ಪೀಡೆ ಅರ್ಧವಾಗುತ್ತದೆ. ಹೀಗೆ ಹಿಗ್ಗಿ ಕುಗ್ಗಿದ ಸ್ಥಿತಿಯಲ್ಲಿ ದಾರವು ತಿಂಗಳುಗಟ್ಟಲೆ ಇದ್ದರೆ ಅದರೊಳಗಿನ ಉದ್ದುದ್ದನೆಯ ಅಣುಸರಪಳಿಗಳು ಮೆಲ್ಲಮೆಲ್ಲನೆ ಜರುಗಿ ಆ ಬಾಗಿಗೇ ಒಗ್ಗಿಕೊಳ್ಳುತ್ತವೆ. ಶಾಖ ಹೆಚ್ಚಿದ್ದಷ್ಟೂ ಈ ಜರುಗುವಿಕೆ ಬೇಗ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು ೪೦ ಡಿಗ್ರಿ ಮುಟ್ಟುತ್ತದೆಯಷ್ಟೆ. ಆ ಸೆಕೆಯಲ್ಲಿ ಅಟ್ಟದ ಮೇಲೆ ಬಿದ್ದಿದ್ದ ದಾರವನ್ನು ಡಿಸೆಂಬರಿನ ಮುಂಜಾನೆ ಹೊರತೆಗೆದರೆ ಅದು ಬೇಸಿಗೆಯಲ್ಲಿ ಕಲಿತ ಸುರುಳಿಯನ್ನು ಚಳಿಯಲ್ಲಿ ಹೇಗೆ ಮರೆತೀತು? ಮರೆಯಲು ಬೇಕಾದ ಅಣುಚಲನೆಯೇ ಆಗ ಮಂದವಾಗಿರುತ್ತದೆ. ಸ್ಪ್ರಿಂಗಿನಂತಾದ ಆ ದಾರ ಉಂಗುರಗಳಿಗೆ ಬಡಿಬಡಿದು, ತಲೆದಾರದ ಸಂವೇಗವನ್ನೆಲ್ಲ ಘರ್ಷಣೆಯಲ್ಲಿ ಕಳೆಯುತ್ತದೆ. ಮೀನು ಮೆಲ್ಲಗೆ ಕಚ್ಚಿದ್ದೂ ಕೈಗೆ ತಿಳಿಯುವುದಿಲ್ಲ. ಆ ಸೆಳೆತ ಸುರುಳಿಗಳನ್ನು ಬಿಚ್ಚುವುದರಲ್ಲಿಯೇ ಮುಗಿದುಹೋಗುತ್ತದೆ.

ಇಲ್ಲಿಗೆ ನೈಲಾನಿನ ಸ್ವಭಾವವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ೧೯೩೫ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ವ್ಯಾಲೆಸ್ ಕರೋದರ್ಸ್ ಮತ್ತು ಆತನ ಸಹಾಯಕರು ಇದನ್ನು ಮೊದಲಿಗೆ ತಯಾರಿಸಿದರು. ನೈಲಾನಿನ ಸರಪಳಿಗಳು ಒಂದನ್ನೊಂದು ಹೈಡ್ರೊಜನ್ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ನೀರಿನ ಅಣುವು ಆ ಬಂಧಗಳ ನಡುವೆ ನುಸುಳಬಲ್ಲದು. ಹಾಗೆ ನುಸುಳಿದಾಗ ಸರಪಳಿಗಳ ಹಿಡಿತ ಸಡಿಲಾಗುತ್ತದೆ. ಪೂರ್ತಿ ನೆನೆದ ನೈಲಾನ್-೬ ತನ್ನ ತೂಕದ ಶೇಕಡಾ ೯ರಷ್ಟು ನೀರನ್ನು ಕುಡಿದಿರುತ್ತದೆ. ಇದರ ಪರಿಣಾಮವೇನು? ತೀರ ಒಣಗಿದ ನೈಲಾನ್ ಸುಮಾರು ೫೦ ಡಿಗ್ರಿ ಸೆಲ್ಸಿಯಸಿನ ಕೆಳಗೆ ಗಾಜಿನಂತೆ ಪೆಡಸಾಗಿರುತ್ತದೆ, ಮೇಲೆ ಮೆತುವಾಗುತ್ತದೆ. ಚೆನ್ನಾಗಿ ನೆನೆದ ನೈಲಾನಿನಲ್ಲಿ ಈ ಎಲ್ಲೆ ಇಳಿದಿಳಿದು ಸೊನ್ನೆ ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಐವತ್ತು ಡಿಗ್ರಿಗಳಷ್ಟು ಅಂತರ, ಅದೂ ಕೇವಲ ನೀರಿನಿಂದ!

ಈಗ ನೀವೇ ಹೋಲಿಸಿ. ಡಿಸೆಂಬರಿನ ಬೆಳಗಿನಲ್ಲಿ ಬಾಗಲಕೋಟೆಯ ಗಾಳಿ ೧೫ ಡಿಗ್ರಿಯ ಸುಮಾರಿನಲ್ಲಿರುತ್ತದೆ. ಒಣದಾರಕ್ಕೆ ಇದು ಎಲ್ಲೆಯ ಕೆಳಗೆ, ನೆನೆದ ದಾರಕ್ಕೆ ಎಲ್ಲೆಯ ಮೇಲೆ. ಹಿಮ ಕರಗಿ ಹರಿಯುವ ಕಾಶ್ಮೀರದ ಹೊಳೆಯಲ್ಲಾದರೋ ನೆನೆದ ದಾರವೂ ಎಲ್ಲೆಯ ಬಳಿಯೇ ನಿಂತಿರುತ್ತದೆ. ಅಲ್ಲಿ ನೆನೆಸಿದರೂ ಪ್ರಯೋಜನ ಸ್ವಲ್ಪವೇ. ಇನ್ನೂ ಒಂದು ವಿಶೇಷವುಂಟು. ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿನ ಮೇಲೆ ಬೆಳಗಿನ ಜಾವ ಹಬೆಯಂತೆ ಮಂಜೇಳುವುದನ್ನು ನೀವು ನೋಡಿರಬಹುದು. ನೀರು ಗಾಳಿಗಿಂತ ಬೆಚ್ಚಗಿದೆಯೆಂಬುದಕ್ಕೆ ಅದೇ ಸಾಕ್ಷಿ. ನೀರಿನ ವಿಶಿಷ್ಟೋಷ್ಣ ಹೆಚ್ಚು. ಹಗಲಿನ ೩೦ ಡಿಗ್ರಿಯ ಬಿಸಿಲಲ್ಲಿ ಸಂಗ್ರಹಿಸಿದ ಶಾಖವನ್ನು ಅದು ಒಂದು ರಾತ್ರಿಯಲ್ಲಿ ಬಿಟ್ಟುಕೊಡುವುದಿಲ್ಲ. ಆದುದರಿಂದ ನಮ್ಮಲ್ಲಿ ದಾರವನ್ನು ನೀರಿಗಿಳಿಸುವುದೆಂದರೆ ಅದನ್ನು ಬೆಚ್ಚಗಾಗಿಸುವುದೆಂದೇ ಅರ್ಥ. ಹಿಮದ ಹೊಳೆಯಲ್ಲಿ ನೀರಿಗಿಳಿಸುವುದೆಂದರೆ ತಣ್ಣಗಾಗಿಸುವುದು. ಒಂದೇ ಕೈಪಿಡಿ ಎರಡು ಕಡೆಗೂ ಹೇಗೆ ಹೊಂದೀತು?

ಕೈಪಿಡಿಗಳ ಸೂತ್ರಗಳನ್ನು ಈ ಬೆಳಕಿನಲ್ಲಿ ನೋಡೋಣ. “ಚಳಿಗೆ ಹೆಣೆದ ದಾರ ಬೇಡ, ಅದರ ಎಳೆಗಳ ನಡುವೆ ನಿಂತ ನೀರು ಹೆಪ್ಪುಗಟ್ಟಿ ಉಂಗುರಗಳಿಗೆ ಮೆತ್ತುತ್ತದೆ” ಎಂಬುದು ಒಂದು. ಕೂಡಲಸಂಗಮ, ಹುನಗುಂದಗಳ ಕಡೆ ನೀರು ಹೆಪ್ಪುಗಟ್ಟಿದ್ದನ್ನು ಕಂಡವರುಂಟೆ? ಪಾಲಿಥೀನ್ ಎಳೆಗಳಿಂದ ಹೆಣೆದ ದಾರವು ನೀರು ಕುಡಿಯುವುದಿಲ್ಲ, ಸುರುಳಿಯನ್ನು ನೆನಪಿಡುವುದೂ ಇಲ್ಲ. ನಮ್ಮ ಚಳಿಗೆ ಅದರ ಮೇಲೆ ಈ ದೂರನ್ನು ಹೊರಿಸಲಾಗದು. ಅದರ ನಿಜವಾದ ದೋಷ ಬೇರೆ: ತೀರ ತೆಳುವಾದುದರಿಂದ ಹಿಡಿತಕ್ಕೆ ಸಿಕ್ಕದು, ಮೀನು ಸೆಳೆದಾಗ ಬೆರಳನ್ನು ಕೊಯ್ಯುತ್ತದೆ, ಬೆಲೆಯೂ ವಿದ್ಯಾರ್ಥಿಯ ಜೇಬಿಗೆ ಎಟುಕದು. ಎರಡನೆಯದು ಪಿ.ವಿ.ಸಿ. ಲೇಪದ ದಾರ. ತಣ್ಣೀರಿನವರಿಗೆಂದು ಮೆತುವಾದ ಲೇಪ ಹಚ್ಚಿದ್ದು ನಮ್ಮ ನಡುಹಗಲಿಗೆ ಅಂಟಂಟಾಗುತ್ತದೆ. ಉಷ್ಣವಲಯಕ್ಕೆಂದು ಗಡುಸಾದ ಲೇಪ ಹಚ್ಚಿದ್ದು ನಮ್ಮ ಮುಂಜಾನೆಗೆ ತಂತಿಯಾಗುತ್ತದೆ. ಒಂದೇ ದಿನದಲ್ಲಿ ೧೫ ಡಿಗ್ರಿಗಳಷ್ಟು ಏರಿಳಿಯುವ ಊರಿಗೆ ಇವೆರಡೂ ಅರ್ಧ ದಿನದ ದಾರಗಳು. ಫ್ಲೂರೊಕಾರ್ಬನ್ ದಾರವಂತೂ ನೀರಿಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು ಸಾಂದ್ರ, ಮೇಲಾಗಿ ಪೆಡಸು. ಓಡುದಾರಕ್ಕೆ ಅದು ಹೇಳಿಸಿದ್ದಲ್ಲ.

ಉಳಿದದ್ದು ಸಾಮಾನ್ಯವಾದ ಒಂಟಿ ಎಳೆಯ ನೈಲಾನ್. ನಮ್ಮ ಚಳಿಗಾಲಕ್ಕೆ ನನ್ನ ಮತ ಅದಕ್ಕೇ. ೦.೪ ಮಿಲಿಮೀಟರಿನ ಸುಮಾರಿನದು ಸಾಕು. ಅಗಲವಾದ ರಾಟೆಗೆ ಸಡಿಲವಾಗಿ ಸುತ್ತಿ, ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಇಬ್ಬರು ಎರಡು ತುದಿ ಹಿಡಿದು ನಿಧಾನವಾಗಿ ಜಗ್ಗಿದರೆ ಸುರುಳಿ ಬಹುಮಟ್ಟಿಗೆ ಬಿಡುತ್ತದೆ. ನೆನೆದಾಗ ಬಲ ಶೇಕಡಾ ಹತ್ತು ಹದಿನೈದರಷ್ಟು ಕುಗ್ಗುವುದುಂಟು. ಬಳುಕಿನ ಲಾಭದ ಮುಂದೆ ಇದು ದೊಡ್ಡ ನಷ್ಟವಲ್ಲ. ನೆನೆಸುವ ಉಪಾಯ ಹೊಸತೂ ಅಲ್ಲ. ನೈಲಾನ್ ಬರುವುದಕ್ಕೆ ಮುಂಚೆ ಸ್ಪೇನ್ ದೇಶದ ಮುರ್ಸಿಯಾದಲ್ಲಿ ರೇಷ್ಮೆಹುಳುವಿನ ಗ್ರಂಥಿಯನ್ನೇ ಎಳೆದು ಕೊಕ್ಕೆಯ ಬಳಿ ಕಟ್ಟುವ ದಾರವನ್ನು ತಯಾರಿಸುತ್ತಿದ್ದರು. ಒಣಗಿದ್ದಾಗ ಅದು ಪಟ್ಟನೆ ಮುರಿಯುವಂತಹುದು. ನೆನೆಸದೆ ಯಾರೂ ಅದಕ್ಕೆ ಗಂಟು ಹಾಕುತ್ತಿರಲಿಲ್ಲ.

ನನ್ನ ಮಾತನ್ನು ನಂಬಬೇಕಾಗಿಲ್ಲ, ಅಳೆದು ನೋಡಬಹುದು. ನಮ್ಮ ಪ್ರಯೋಗಶಾಲೆಗಳಲ್ಲಿ ಯಂಗ್‌ನ ಗುಣಾಂಕವನ್ನು ವರ್ಷವರ್ಷವೂ ಲೋಹದ ತಂತಿಯಿಂದಲೇ ಅಳೆಯಿಸಿ, ಅದು ಪದಾರ್ಥದ ಸ್ಥಿರಾಂಕವೆಂದು ಬರೆಯಿಸುತ್ತೇವೆ. ನೈಲಾನಿನ ಒಂದು ಗೇಣು ದಾರ ಆ ನಂಬಿಕೆಯನ್ನು ಚೆನ್ನಾಗಿ ಅಲುಗಾಡಿಸಬಲ್ಲದು. ೦.೫ ಮಿಲಿಮೀಟರಿನ ದಾರವನ್ನು ನೇರಮಾಡಿ, ೧೫ ಸೆಂಟಿಮೀಟರು ಹೊರಚಾಚುವಂತೆ ಮೇಜಿನ ಅಂಚಿಗೆ ಬಿಗಿಯಿರಿ. ತನ್ನ ತೂಕದಿಂದಲೇ ಅದರ ತುದಿ ಒಂದೆರಡು ಸೆಂಟಿಮೀಟರು ಜೋಲುತ್ತದೆ. ಉಳಿದಿರುವ ಸುರುಳಿಯ ಬಾಗು ಲೆಕ್ಕ ಕೆಡಿಸಬಾರದೆಂದು ದಾರವನ್ನು ಅರ್ಧ ಸುತ್ತು ಹೊರಳಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ, ರಾತ್ರಿಯೆಲ್ಲ ನೆನೆಸಿದ ತುಂಡಿನಿಂದ ಮತ್ತೊಮ್ಮೆ. ಇದೇ ತುಂಡುಗಳನ್ನು ಪೆನ್ಸಿಲಿಗೆ ಹತ್ತು ಸುತ್ತು ಸುತ್ತಿಟ್ಟು, ಮರುದಿನ ಬಿಟ್ಟಾಗ ಎಷ್ಟು ಸುತ್ತು ಉಳಿದಿವೆಯೆಂದು ಎಣಿಸುವುದೂ ಚೆನ್ನಾದ ಪರೀಕ್ಷೆ. ಅಂಕಿಗಳನ್ನು ಕೋಷ್ಟಕದಲ್ಲಿ ಬರೆದ ಮೇಲೆ ದಾರವನ್ನು ಆರಿಸಿ.

ನಾನು ಪಕ್ಷವಹಿಸಿದ ದಾರದ ಕೊರತೆಯನ್ನೂ ಹೇಳಿಬಿಡುತ್ತೇನೆ. ನೈಲಾನ್ ಬಿಸಿಲಿಗೆ ಬಲಗುಂದುತ್ತದೆ. ಅಗ್ಗವಾದುದರಿಂದ ಜನ ಅದನ್ನು ಪದೇಪದೇ ಬದಲಿಸುತ್ತಾರೆ, ಹಳೆಯದನ್ನು ದಡದಲ್ಲಿಯೇ ಬಿಟ್ಟುಬರುತ್ತಾರೆ. ಬಲಗುಂದಿದರೂ ಅದು ಕೊಳೆಯುವುದಿಲ್ಲ. ಹತ್ತಿನೂಲಿನ ಗಾಳದ ಕಾಲದಲ್ಲಿ ಇರದ ತೊಂದರೆ ಇದು. ಚಳಿಗಾಲವೆಂದರೆ ಹಿನ್ನೀರಿನ ಕೆಸರಿನಲ್ಲಿ ವಲಸೆಯ ಹಕ್ಕಿಗಳು ಮೇಯುವ ಕಾಲವೂ ಹೌದು. ಕಣ್ಣಿಗೆ ಕಾಣದ ಈ ದಾರ ಅವುಗಳ ಕಾಲಿಗೆ ಉರುಳಾಗುತ್ತದೆ. ಹಳೆಯ ದಾರವನ್ನು ಮನೆಗೆ ತಂದು, ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಕಸಕ್ಕೆ ಹಾಕಲು ಐದು ನಿಮಿಷ ಸಾಕು.