ಪ್ರಕಾಶಕರ ಮೌನವೂ ಸಾಹಿತ್ಯ ಚರಿತ್ರೆಯೂ

ಹಸ್ತಪ್ರತಿಯನ್ನು ಒಪ್ಪಿಸಿ ವರ್ಷಗಟ್ಟಲೆ ಉತ್ತರಕ್ಕಾಗಿ ಕಾಯುವ ಕಾದಂಬರಿಕಾರರಿಗೆ ಹಿರಿಯರು ಹೇಳುವ ಸಮಾಧಾನ ಒಂದೇ: ಕಾಯುವುದೂ ತಪಸ್ಸು, ಅಷ್ಟರಲ್ಲಿ ಮುಂದಿನದನ್ನು ಬರೆಯಿರಿ. ಈ ಮಾತು ಪ್ರಕಾಶಕರ ಹೊಣೆಗೇಡಿತನಕ್ಕೆ ಹೊದಿಸಿದ ಕಾವಿಬಟ್ಟೆಯೆಂದು ನಾನು ಭಾವಿಸುತ್ತೇನೆ. ಜೇನ್ ಆಸ್ಟೆನ್‌ಳ ಉದಾಹರಣೆಯನ್ನೇ ನೋಡೋಣ.

1803ರಲ್ಲಿ ಲಂಡನ್ನಿನ ಕ್ರಾಸ್ಬಿ ಸಂಸ್ಥೆಯು ಆಕೆಯ ‘ಸೂಸನ್’ ಕಾದಂಬರಿಯನ್ನು 10 ಪೌಂಡುಗಳಿಗೆ ಕೊಂಡಿತು; ಜಾಹೀರಾತನ್ನೂ ನೀಡಿತು; ಮುದ್ರಿಸಲಿಲ್ಲ. 1809ರಲ್ಲಿ ಆಕೆ ಗುಪ್ತನಾಮದಿಂದ ವಿಚಾರಿಸಿದಾಗ ಬಂದ ಉತ್ತರದ ಸಾರವಿಷ್ಟು: ಮುದ್ರಣಕ್ಕೆ ಅವಧಿ ಗೊತ್ತುಪಡಿಸಿಲ್ಲ, ಬೇರೆಯವರು ಅಚ್ಚು ಹಾಕಿದರೆ ತಡೆಯುತ್ತೇವೆ, ಬೇಕಿದ್ದರೆ ಅದೇ ಹಣ ಕೊಟ್ಟು ಹಿಂಪಡೆಯಬಹುದು. ಆ ನಡುವೆ ಕೈಗೆತ್ತಿಕೊಂಡ ‘ದಿ ವಾಟ್ಸನ್ಸ್’ ಅಪೂರ್ಣವಾಗಿ ಉಳಿಯಿತು. ಅದಕ್ಕೆ ತಂದೆಯ ಮರಣವೂ ಕಾರಣವಾಗಿರಬಹುದು. ಆದರೆ ಕಾಯುವಿಕೆಯಿಂದ ಆಕೆಯ ಲೇಖನಿಗೆ ಬಲ ಬಂದಿತೆನ್ನಲು ಆಧಾರವಿಲ್ಲ. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಹೊರಬಂದದ್ದೂ ನಷ್ಟದ ಹೊಣೆಯನ್ನು ಆಕೆಯೇ ಹೊತ್ತುದರಿಂದ. ನಾಲ್ಕು ಕಾದಂಬರಿಗಳು ಅಚ್ಚಾದ ಬಳಿಕ, 1816ರಲ್ಲಿ, ‘ಸೂಸನ್’ ಮರಳಿ ದೊರೆಯಿತು. 1817ರ ಡಿಸೆಂಬರಿನಲ್ಲಿ ಅದು ‘ನಾರ್ತ್ಯಾಂಗರ್ ಆ್ಯಬಿ’ಯಾಗಿ ಪ್ರಕಟವಾಗುವ ಹೊತ್ತಿಗೆ ಆಕೆ ಬದುಕಿರಲಿಲ್ಲ.

ಷಾರ್ಲೆಟ್ ಬ್ರಾಂಟೆಯ ಪ್ರಸಂಗವೇ ಬೇರೆ. ಹಲವರು ತಿರಸ್ಕರಿಸಿದ್ದ ‘ದಿ ಪ್ರೊಫೆಸರ್’ ಕಾದಂಬರಿಯನ್ನು 1847ರಲ್ಲಿ ಸ್ಮಿತ್ ಎಲ್ಡರ್ ಸಂಸ್ಥೆಯೂ ಒಪ್ಪಲಿಲ್ಲ. ಆದರೆ ಅದರ ಗುಣದೋಷಗಳನ್ನು ವಿವೇಚಿಸಿ, ಮೂರು ಸಂಪುಟಗಳ ಕೃತಿಯಿದ್ದರೆ ಗಮನವಿಟ್ಟು ಪರಿಶೀಲಿಸುವುದಾಗಿ ಬರೆಯಿತು. ಆ ವೇಳೆಗೆ ಮುಗಿಯುತ್ತ ಬಂದಿದ್ದ ‘ಜೇನ್ ಐರ್’ ಕೃತಿಯನ್ನು ಆಕೆ ಆಗಸ್ಟಿನಲ್ಲಿ ಕಳುಹಿಸಿದಳು. ಅಕ್ಟೋಬರಿನಲ್ಲಿ ಅದು ಪ್ರಕಟವಾಯಿತು. ಕಾರಣಸಹಿತವಾದ ನಿರಾಕರಣೆಯೂ ಲೇಖಕರಿಗೆ ನೆರವಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಸಂಶೋಧಕರು ಇನ್ನೊಂದನ್ನು ಗಮನಿಸಬೇಕು. ಪ್ರಕಟಣೆಯ ವರ್ಷವನ್ನೇ ರಚನೆಯ ಕಾಲವೆಂದು ಹಿಡಿದರೆ, ಆಸ್ಟೆನ್ ಮೊದಲು ಮಾರಿದ ಕಾದಂಬರಿ ಆಕೆಯ ಕೊನೆಗಾಲದ ಕೃತಿಯಂತೆ ತೋರುತ್ತದೆ. ಪ್ರಕಾಶಕರ ಬೀರುವಿನಲ್ಲಿ ಕಳೆದ ವರ್ಷಗಳು ಲೇಖಕರ ಬೆಳವಣಿಗೆಯ ಚಿತ್ರವನ್ನೇ ತಲೆಕೆಳಗು ಮಾಡುತ್ತವೆ. ಕನ್ನಡ ಕಾದಂಬರಿಗಳ ಕಾಲಾನುಕ್ರಮವನ್ನು ಸಿದ್ಧಪಡಿಸುವವರೂ ಈ ಎಚ್ಚರವನ್ನು ಮರೆಯಬಾರದು.

ಪ್ರಕಾಶಕರಿಗೆ ಬಂಡವಾಳದ ಚಿಂತೆಯಿದೆ, ಓದಿ ತೀರ್ಮಾನಿಸಲು ಸಮಯವೂ ಬೇಕು. ನಿರಾಕರಿಸುವ ಹಕ್ಕನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಹಸ್ತಪ್ರತಿಯನ್ನು ಸ್ವೀಕರಿಸುವಾಗಲೇ ತೀರ್ಮಾನದ ಅವಧಿಯನ್ನು ಲಿಖಿತವಾಗಿ ತಿಳಿಸಬೇಕು. ಅವಧಿ ಮೀರಿದರೆ ಹಸ್ತಪ್ರತಿಯೂ ಅದರ ಮೇಲಿನ ಹಕ್ಕೂ ಲೇಖಕರಿಗೆ ಮರಳಬೇಕು. ಇಷ್ಟನ್ನೂ ಕೇಳದೆ, ಕಾಯುವವರಿಗೆ ತಾಳ್ಮೆಯ ಪಾಠ ಹೇಳುವುದು ವಿಮರ್ಶಕರಿಗೆ ಶೋಭಿಸದು.