ಬಾಲ ನಿಂತ ಮೇಲೆ ಡಿಸಿಪ್ಲಿನ್ ಯಾಕೆ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಈ ಗಾದೆಯನ್ನ ಮಕ್ಕಳ ಮೇಲೆ ಹೇರಿದ್ದು ಸಾಲದು ಅಂತ ಈಗ ನಾಯಿಮರಿಗಳ ಮೇಲೂ ಹೇರ್ತಿದ್ದೀವಿ. ಬೆಂಗಳೂರಿನ ಯಾವುದಾದ್ರೂ ದೊಡ್ಡ ಅಪಾರ್ಟ್‌ಮೆಂಟಿನ ಪಾರ್ಕಿಗೆ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಐದು ತಿಂಗಳ ಲ್ಯಾಬ್ರಡಾರ್ ಮರಿ, ಅದರ ಕುತ್ತಿಗೆಗೆ ಚೋಕ್ ಚೈನು, ಚೈನಿನ ಇನ್ನೊಂದು ತುದೀಲಿ ತಿಂಗಳಿಗಿಷ್ಟು ಅಂತ ಗೊತ್ತು ಮಾಡಿಕೊಂಡ ಟ್ರೇನರು. ಸಿಟ್, ಸ್ಟೇ, ಸಿಟ್, ಸ್ಟೇ. ಚೆಂಡು ಎಸೀತಾರೆ, ಮರಿ ನೆಗೆಯುತ್ತೆ, ಚೈನು ಜಗ್ಗುತ್ತೆ. ಮೊದಲ ವಾರ ಮರಿ ಮೈಯೆಲ್ಲಾ ಅಲ್ಲಾಡಿಸಿಕೊಂಡು ಬರುತ್ತೆ. ಮೂರನೇ ವಾರಕ್ಕೆ ಚೆಂಡು ಎಸೆದರೆ ಒಮ್ಮೆ ಚೆಂಡಿನ ಕಡೆ, ಒಮ್ಮೆ ಟ್ರೇನರ್ ಕಡೆ ನೋಡಿ ಸುಮ್ಮನೆ ಕೂರುತ್ತೆ. 'ಅಬ್ಬಾ, ಎಷ್ಟು ಚೆನ್ನಾಗಿ ಕಲಿತುಬಿಡ್ತು!' ಅಂತಾರೆ ಮನೆಯವರು.

ಕಲಿತಿಲ್ಲ ಸ್ವಾಮಿ. ಆಸೆ ಬಿಟ್ಟಿದೆ.

ರಿಟ್ರೀವರ್ ಅಂದ್ರೆ ಏನು ಅನ್ನೋದನ್ನ ಮೊದಲು ನೆನಪು ಮಾಡ್ಕೊಳ್ಳೋಣ. ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ದುಡೀತಿದ್ದ ನಾಯಿಗಳು. ಕೊರೆಯೋ ನೀರಿಗೆ ಹಾರಿ ಬಲೆಯ ಹಗ್ಗ, ಜಾರಿಹೋದ ಮೀನು ಕಚ್ಚಿ ತರೋದು ಅವುಗಳ ಕೆಲಸ. ಗೋಲ್ಡನ್ ರಿಟ್ರೀವರ್ ತಳಿಯ ಮೊದಲ ಮರಿಗಳು ಹುಟ್ಟಿದ್ದು 1868ರಲ್ಲಿ, ಸ್ಕಾಟ್‌ಲ್ಯಾಂಡಿನ ಗಿಸಾಕನ್ ಎಸ್ಟೇಟಿನಲ್ಲಿ. ಗುಂಡು ತಗುಲಿ ಪೊದೆಯಲ್ಲೋ ಹೊಂಡದಲ್ಲೋ ಬಿದ್ದ ಹಕ್ಕಿಯನ್ನ ಹುಡುಕಿ, ಹಲ್ಲು ತಾಗಿಸದೆ, ಓಡೋಡಿ ತರಬೇಕು. ಅದಕ್ಕೇ ಅಂತ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಪ್ರಾಣಿ ಇದು. 'ತರ್ತೀನಿ' ಅನ್ನೋ ಹಂಬಲ ಅದಕ್ಕೆ ಹುಟ್ಟಿನಿಂದಲೇ ಬಂದಿದ್ದು. ನಾವು ಕಲಿಸೋದು ಏನನ್ನ, ಯಾವಾಗ, ಯಾರಿಗೆ ಅನ್ನೋದನ್ನ ಮಾತ್ರ.

ಈ ನಾಯಿಗಳನ್ನ ನಿಜವಾಗಿ ಕೆಲಸಕ್ಕೆ ಬಳಸೋರು ಇದನ್ನ ಬಲ್ಲರು. ಅಮೆರಿಕದ ರಿಟ್ರೀವರ್ ಪರೀಕ್ಷೆಗಳಲ್ಲಿ ತೀರ್ಪುಗಾರರು ವಿಧೇಯತೆಯೊಂದನ್ನೇ ಅಳೆಯೋದಿಲ್ಲ, 'ಸ್ಟೈಲ್' ಅನ್ನೋದಕ್ಕೂ ಲೆಕ್ಕ ಇದೆ. ಬಿಟ್ಟ ತಕ್ಷಣ ಬಾಣದ ಹಾಗೆ ಹೊರಡುತ್ತಾ, ನೀರು ಕಂಡರೆ ಹಿಂಜರಿಯುತ್ತಾ, ಹುಡುಕೋವಾಗ ಹಟ ಇದೆಯಾ, ಸಿಕ್ಕಿದ್ದನ್ನ ತಡ ಮಾಡದೆ ಎತ್ತಿಕೊಂಡು ವಾಪಸ್ ಓಡುತ್ತಾ? ಕೊಟ್ಟ ಕೆಲಸ ಮುಗಿಸಿದರೂ ಕಾಲೆಳೆದುಕೊಂಡು ಹೋಗಿ ಬಂದ ನಾಯಿಗೆ ಅಲ್ಲಿ ಮರ್ಯಾದೆ ಕಮ್ಮಿ. ನಮ್ಮ ಮಾತಲ್ಲಿ ಹೇಳೋದಾದ್ರೆ ಹುರುಪು ಮತ್ತು ಗತ್ತು, ಎರಡೂ ಬೇಕು. ನಮ್ಮಲ್ಲಿ ಬೇಟೆಯ ಮಾತಿಲ್ಲ, ನಿಜ. ಚೆಂಡಿದೆ, ಡಮ್ಮಿ ಇದೆ, ಹಳೇ ಕಾಲುಚೀಲದ ಗಂಟಿದೆ. ಮರಿಗೆ ಅಷ್ಟೇ ಸಾಕು.

ಇದೆಲ್ಲ ಬರೀ ಭಾವುಕತೆ ಅನ್ನೋರಿಗೆ ಎರಡು ಅಧ್ಯಯನ ತೋರಿಸ್ತೀನಿ. ಪೋರ್ಚುಗಲ್ಲಿನಲ್ಲಿ ಏಳು ತರಬೇತಿ ಶಾಲೆಗಳ 92 ನಾಯಿಗಳನ್ನ ಗಮನಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗ್ಗಿ ಗದರಿಸಿ ಕಲಿಸಿದ ನಾಯಿಗಳು ತರಬೇತಿ ಹೊತ್ತಲ್ಲಿ ಹೆಚ್ಚು ಒತ್ತಡ ತೋರಿಸಿದವು. ಅಷ್ಟೇ ಅಲ್ಲ, ಮನಸ್ಸೂ ಮುದುಡಿತ್ತು. ಒಂದು ಕಡೆ ಇಟ್ಟ ಬಟ್ಟಲಲ್ಲಿ ತಿಂಡಿ ಇರುತ್ತೆ, ಇನ್ನೊಂದು ಕಡೆ ಇಟ್ಟದ್ದು ಖಾಲಿ ಅಂತ ಮೊದಲು ಗೊತ್ತು ಮಾಡಿಸಿ, ಆಮೇಲೆ ಬಟ್ಟಲನ್ನ ನಡುವೆ ಇಟ್ಟರು. ಅತಿ ಹೆಚ್ಚು ಗದರಿಸಿಕೊಂಡ ನಾಯಿಗಳು ಅದರ ಕಡೆ ನಿಧಾನಕ್ಕೆ ಹೋದವು, 'ಅಲ್ಲೇನು ಇರುತ್ತೆ ಬಿಡು' ಅನ್ನೋ ಹಾಗೆ. ಇನ್ನೊಂದು ಡೆನ್ಮಾರ್ಕಿನದು, 2011ರದ್ದು. 44 ಬೀಗಲ್ ನಾಯಿಗಳಿಗೆ ಒಂದೇ ಪಾಠ ಹೇಳಿಕೊಟ್ಟಾಗ, ದಿನಾ ಪಾಠ ಹೇಳಿಸಿಕೊಂಡವಕ್ಕಿಂತ ವಾರಕ್ಕೆ ಒಂದೆರಡು ಸಲ ಹೇಳಿಸಿಕೊಂಡವು ಕಮ್ಮಿ ಪಾಠಗಳಲ್ಲೇ ಕಲಿತವು. ದಿನಾ ಮುಕ್ಕಾಲು ಗಂಟೆ ಡ್ರಿಲ್ ಮಾಡಿಸೋ ಮಹಾಶಯರು ದಯವಿಟ್ಟು ಇದನ್ನ ಎರಡು ಸಲ ಓದಬೇಕು.

ಹಾಗಾದ್ರೆ ಏನು ಮಾಡೋದು? ಮಾಡೋದಕ್ಕಿಂತ ಬಿಡೋದೇ ಹೆಚ್ಚು. ಮರಿಗೆ ಒಂದು ಹೊತ್ತಿಗೆ ಮೂರು ಎಸೆತ, ಹೆಚ್ಚಂದ್ರೆ ನಾಲ್ಕು. 'ಇನ್ನೊಂದು, ಪ್ಲೀಸ್ ಇನ್ನೊಂದು' ಅಂತ ಅದು ಕುಣೀತಿರೋವಾಗಲೇ ಚೆಂಡು ಜೇಬಿಗೆ ಹಾಕಿ. ಸುಸ್ತಾಗೋ ತನಕ ಎಸೆದರೆ ಅದಕ್ಕೆ ನೆನಪಲ್ಲಿ ಉಳಿಯೋದು ಸುಸ್ತು. ಯಾವಾಗಲೂ ಒಂದೇ ಜಾಗಕ್ಕೆ ಎಸೀಬೇಡಿ, ಸ್ವಲ್ಪ ಹುಲ್ಲಿರೋ ಕಡೆ ಬೀಳಲಿ, ಮೂಗಿಗೂ ಕೆಲಸ ಸಿಗಲಿ. ತಗೊಂಡು ಬರೋವಾಗ ಎದುರಿಗೆ ಓಡಬೇಡಿ. ನೀವೇ ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿ, ಅದು ನಿಮ್ಮನ್ನ ಅಟ್ಟಿಸಿಕೊಂಡು ಬರುತ್ತೆ. ಬಂದ ತಕ್ಷಣ ಬಾಯಿಂದ ಕಿತ್ಕೋಬೇಡಿ. ಅರ್ಧ ನಿಮಿಷ ಅದು ಮೆರೆಯಲಿ, ಬೆನ್ನು ಸವರಿ, ಶಭಾಷ್ ಅನ್ನಿ. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುತ್ತೆ, ಆಗ ಗಟ್ಟಿ ವಸ್ತು ಹೊರಿಸೋಕೆ ಹೋಗಬೇಡಿ. ಏಪ್ರಿಲ್ ಬಿಸಿಲಲ್ಲಂತೂ ಹಗಲು ಹೊತ್ತು ಚೆಂಡನ್ನ ಆಚೆ ತೆಗೀಲೇಬೇಡಿ.

ಇನ್ನೊಂದು ವಿಷಯ, ಚಪ್ಪಲಿ. ಮರಿ ನಿಮ್ಮ ಚಪ್ಪಲಿ ಕಚ್ಚಿಕೊಂಡು ಹೆಮ್ಮೆಯಿಂದ ನಿಮ್ಮ ಹತ್ತಿರ ಬಂದಾಗ ಹೊಡೆದರೆ, 'ಚಪ್ಪಲಿ ಮುಟ್ಟಬಾರದು' ಅಂತ ಅದಕ್ಕೆ ಅರ್ಥ ಆಗೋಲ್ಲ. 'ತಂದು ಕೊಟ್ಟರೆ ಏಟು' ಅಂತ ಅರ್ಥ ಆಗುತ್ತೆ. ಮುಂದಿನ ಸಲ ಮಂಚದ ಕೆಳಗೆ ಹೋಗಿ ಕಡಿಯುತ್ತೆ, ಅಷ್ಟೇ. ಬೇರೆ ಏನಾದ್ರೂ ಕೊಟ್ಟು ಚಪ್ಪಲಿ ಇಸ್ಕೊಳ್ಳಿ. ಆಮೇಲೆ ಚಪ್ಪಲಿನ ಕಪಾಟಲ್ಲಿಡಿ. ಅದು ನಿಮ್ಮ ಡಿಸಿಪ್ಲಿನ್ನು, ಮರೀದಲ್ಲ.

'ಹಾಗಂತ ಬಿಟ್ಟರೆ ಮೂವತ್ತು ಕೇಜಿ ನಾಯಿ ರಸ್ತೆಗೆ ನುಗ್ಗಿದರೆ ಯಾರು ಹೊಣೆ?' ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಕರೆದರೆ ಬರೋದು, ಜಗ್ಗದೆ ನಡೆಯೋದು, ಕಾಯೋದು, ಎಲ್ಲ ಕಲೀಲೇಬೇಕು. ಆದರೆ ಅದನ್ನ ಊಟದ ಬಟ್ಟಲ ಮುಂದೆ, ಬಾಗಿಲ ಹತ್ತಿರ, ವಾಕಿಂಗಿನಲ್ಲಿ ಕಲಿಸಿ. ಚೆಂಡಿನ ಆಟವನ್ನ ಸದ್ಯಕ್ಕೆ ಚೆಂಡಿನ ಆಟವಾಗೇ ಇರೋಕೆ ಬಿಡಿ, ಬೇಲಿ ಇರೋ ಜಾಗದಲ್ಲಿ, ಬೇಕಿದ್ದರೆ ಉದ್ದನೆ ಹಗ್ಗ ಕಟ್ಟಿ. ಎರಡನ್ನೂ ನಿಧಾನಕ್ಕೆ ಬೆಸೆಯೋಕೆ ಇಡೀ ವರ್ಷ ಇದೆ. ಓಡೋ ನಾಯಿಗೆ ನಿಲ್ಲೋದು ಕಲಿಸಬಹುದು. ಓಡೋ ಮನಸ್ಸೇ ಸತ್ತ ನಾಯಿಗೆ ಓಟ ಕಲಿಸಿದ ಟ್ರೇನರನ್ನ ನಾನಂತೂ ಇನ್ನೂ ನೋಡಿಲ್ಲ.

ನನಗೆ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ಮೈಕ್ರೋಮ್ಯಾನೇಜರ್ ಬಗ್ಗೆ ಸಂಜೆಯೆಲ್ಲಾ ಬೈಕೊಂಡು ಕೂರೋರು, ಬರ್ನ್‌ಔಟ್ ಅಂತ ರಜೆ ಹಾಕೋರು ನಾವೇ. ಬೆಳಿಗ್ಗೆದ್ದು ಐದು ತಿಂಗಳ ಮರಿಯ ಕುತ್ತಿಗೆಗೆ ಚೈನು ಹಾಕಿ ತಪ್ಪು ಎಣಿಸೋರೂ ನಾವೇ. ಆಮೇಲೆ ವರ್ಷ ತುಂಬೋ ಹೊತ್ತಿಗೆ 'ಯಾಕೋ ಡಲ್ಲಾಗಿದೆ, ಮೊದಲಿನ ಹಾಗಿಲ್ಲ, ಯಾರಾದ್ರೂ ತಗೋತೀರಾ?' ಅಂತ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕ್ತೀವಿ. ಡಲ್ಲಾಗಿದ್ದಲ್ಲ, ಮಾಡಿದ್ದು.

ಗಾದೆ ಸುಳ್ಳಲ್ಲ. ಗಿಡ ಬಗ್ಗಿಸಿ, ಬೇಡ ಅನ್ನಲ್ಲ. ಆದರೆ ಗಿಡ ಬಗ್ಗಿಸೋ ಯಾವ ತೋಟಗಾರನೂ ಚಿಗುರು ಚಿವುಟಿ ಶುರು ಮಾಡಲ್ಲ. ನಾಳೆ ಬೆಳಿಗ್ಗೆ ಟ್ರೇನರು ಬಂದಾಗ ಮರಿ ಎಷ್ಟು ಹೊತ್ತು ಕೂತಿತ್ತು ಅಂತ ಗಡಿಯಾರ ನೋಡಬೇಡಿ. ಅವರು ಗೇಟಿನ ಒಳಗೆ ಕಾಲಿಟ್ಟಾಗ ಅದರ ಬಾಲ ಏನು ಮಾಡ್ತಿದೆ ನೋಡಿ. ಕಾಲ ನಡುವೆ ಸೇರಿಕೊಂಡಿದ್ದರೆ, ಆ ತಿಂಗಳ ಲೆಕ್ಕ ಚುಕ್ತಾ ಮಾಡಿ ಟ್ರೇನರನ್ನ ಕಳಿಸಿಬಿಡಿ. ಮರೀನಲ್ಲ.