ಗಣಿ ಮುಚ್ಚಿದರು, ಗಣಿಯವರ ಚರಿತ್ರೆಯನ್ನೂ ಮುಚ್ಚಬೇಕಾ?



ಪ್ರವಾಸೋದ್ಯಮ ಅಂದ ಕೂಡಲೇ ನಮ್ಮ ಸರ್ಕಾರಗಳಿಗೆ ನೆನಪಾಗೋದು ಅರಮನೆ, ದೇವಸ್ಥಾನ, ಜಲಪಾತ, ರೆಸಾರ್ಟ್. ದುಡಿದು ಸತ್ತವರ ಜಾಗ ನೆನಪಾಗಲ್ಲ.

ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಕೆಜಿಎಫ್‌ನ ಹುಡುಗಿಯೊಬ್ಬಳು ಅಲ್ಲಿನ ಎಸ್ಸೆನ್ ನಗರದ ಪ್ರವಾಸ ಮೇಳಕ್ಕೆ ಹೋಗಿದ್ದಳು. ಅಲ್ಲಿಂದ ಒಂದಷ್ಟು ಫೋಟೋ, ಒಂದು ವಾಯ್ಸ್ ಮೆಸೇಜ್ ಕಳಿಸಿದಳು. "ಅಣ್ಣ, ಇಲ್ಲಿ ಗಣೀನೇ ತೋರಿಸಿ ಜನರನ್ನ ಕರೀತಾರೆ. ನಮ್ ತಾತ ಇಳಿದಿದ್ದು ಇದಕ್ಕಿಂತ ಆಳ ಅಲ್ವಾ?"

ಹೌದು ಕಣಮ್ಮ, ಮೂರು ಪಟ್ಟು ಆಳ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಕೆಳಕ್ಕೆ ಹೋಗಿತ್ತು.

ಎಸ್ಸೆನ್‌ನ ತ್ಸೋಲ್‌ಫರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು. 2001ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕೆಲಸ ಮಾಡಿದವರೇ ಗೈಡ್ ಆಗಿ ನಿಂತು ತಮ್ಮ ಕಥೆ ಹೇಳಿದ್ದಾರೆ. ಅದೇ 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್‌ಗೆ ಬೀಗ ಬಿತ್ತು. ಒಂದೇ ವರ್ಷ. ಅವರಿಗೆ ಮ್ಯೂಸಿಯಂ, ನಮಗೆ ಬೆಳಗಿನ ಸ್ವರ್ಣ ರೈಲು ಹತ್ತಿ ಬೆಂಗಳೂರಿಗೆ ಕೂಲಿ.

ಜರ್ಮನಿ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಆದರೆ ಮಸಿ ಮೆತ್ತಿದ ಕೈಯನ್ನ ಚರಿತ್ರೆ ಅಂತ ಒಪ್ಪಿಕೊಳ್ಳೋಕೆ ಅವರಿಗೆ ನಾಚಿಕೆಯಾಗಲಿಲ್ಲ. ನಮ್ಮವರಿಗೆ ಯಾಕೆ ಆಗುತ್ತೆ? ಆ ಕೈ ಯಾರದ್ದು ಅಂತ ಗೊತ್ತಿರೋದಕ್ಕೆ. ಜಾನ್ ಟೇಲರ್ ಕಂಪನಿ ಕಾಲದಿಂದ ಸುರಂಗಕ್ಕೆ ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದಿದ್ದು ಈ ಗಣಿಗೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ಆ ಬೆಳಕಿನ ಕೆಳಗೆ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಸತ್ತವರ ಬಗ್ಗೆ ಯಾವ ಬ್ರೋಷರ್ ಹೇಳುತ್ತೆ?

ಬರೀ ಸಾವಿನ ಕಥೆಯೂ ಅಲ್ಲ ಇದು. ಬೆರಳಚ್ಚು ಕೊಡಲ್ಲ ಅಂತ 1930ರಲ್ಲಿ ಕಂಪನಿ ಎದುರು ಮುಷ್ಕರ ಹೂಡಿದ ಜನ ಇವರು. ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮದೀಕ್ಷೆ ತಗೊಳ್ಳೋಕೆ ದಶಕಗಳ ಮೊದಲೇ ಅಯೋತಿದಾಸ ಪಂಡಿತರ ಬೌದ್ಧ ಸಂಘ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಬೇರು ಬಿಟ್ಟಿತ್ತು. ಸನ್ನತಿಯ ಸ್ತೂಪದಷ್ಟೇ ಇದೂ ಕರ್ನಾಟಕದ ಬೌದ್ಧ ಚರಿತ್ರೆ ಅಲ್ಲವೇ?

ಈಗ ಕೆಜಿಎಫ್ ಅಂದ್ರೆ ಸಿನಿಮಾ. ಸಯನೈಡ್ ದಿಬ್ಬದ ಮೇಲೆ ಸೆಲ್ಫಿ. ಆ ದಿಬ್ಬದ ಧೂಳು ಗಾಳಿಗೆ ಎದ್ದು ಯಾರ ಮನೆ ಅನ್ನದ ಮೇಲೆ ಬೀಳುತ್ತೆ ಅಂತ ಕೇಳೋರಿಲ್ಲ. ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಮಣ್ಣಿಗೂ ಬೆಲೆ ಇದೆ, ಮಣ್ಣು ತೆಗೆದವನಿಗಿಲ್ಲ.

ಕೆಲವು ಗೆಳೆಯರು ಕೇಳ್ತಾರೆ, ನಮ್ಮ ಬಡತನಾನ ಟಿಕೆಟ್ ಇಟ್ಟು ತೋರಿಸಬೇಕಾ ಅಂತ. ನ್ಯಾಯವಾದ ಪ್ರಶ್ನೆ. ಯಾರೋ ಬಂದು ನಮ್ಮ ಲೈನ್ ಮನೆಗಳ ಫೋಟೋ ಹೊಡ್ಕೊಂಡು ಹೋಗೋದು ಬೇರೆ, ನಮ್ಮವರೇ ನಿಂತು ನಮ್ಮ ದುಡಿಮೆಯ ಕಥೆ ಹೇಳೋದು ಬೇರೆ. ನಾನು ಕೇಳ್ತಿರೋದು ಎರಡನೆಯದನ್ನ.

ಗುಮಾಸ್ತನಾಗಿ ಇಪ್ಪತ್ತು ವರ್ಷ ಫೈಲು ನೋಡಿದವನು ನಾನು. ಕೇಳದೆ ಯಾವುದೂ ಟಿಪ್ಪಣಿಗೂ ಬರಲ್ಲ. ಆದ್ದರಿಂದ ಕೇಳೋಣ. ಮೊದಲು ಕಾರ್ಮಿಕರ ಬಾಕಿ ಮತ್ತು ವಾಸವಿರುವ ಮನೆಯ ಹಕ್ಕು. ಆಮೇಲೆ ಒಂದು ಶಾಫ್ಟ್, ಒಂದು ಸಾಲು ಲೈನ್ ಮನೆ ಉಳಿಸಿ, ಕಾರ್ಮಿಕರ ಮಕ್ಕಳೇ ನಡೆಸುವ ಮ್ಯೂಸಿಯಂ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ತಾತನ ಟೋಕನ್, ಸಂಬಳದ ಚೀಟಿ, ಹೆಲ್ಮೆಟ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಅಜ್ಜಿಯನ್ನ ಕೂರಿಸಿಕೊಂಡು ಮೊಬೈಲಲ್ಲಿ ರೆಕಾರ್ಡ್ ಮಾಡಿ. ನಮ್ಮ ಚರಿತ್ರೆಗೆ ಸದ್ಯಕ್ಕೆ ನಾವೇ ಕಾವಲುಗಾರರು.